ನಾಡು, ಸೀಮೆ, ಹೋಬಳಿ: ಹಾಸನದ ನೆಲದಲ್ಲಿ ಆಳ್ವಿಕೆಯ ಮಾತುಗಳು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಐದು ಹೋಬಳಿಗಳಲ್ಲಿ ಮಲ್ಲಿಪಟ್ಟಣವೂ ಒಂದು. ಆ ಹೋಬಳಿಯ ಯಾವುದೇ ಊರಿನ ವಿಳಾಸವನ್ನು ಪೂರ್ತಿಯಾಗಿ ಬರೆದರೆ ಪಟ್ಟಣ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂಬ ನಾಲ್ಕು ಮಾತುಗಳು ಸಾಲಾಗಿ ನಿಲ್ಲುತ್ತವೆ. ಅವು ಒಂದೇ ಕಾಲದವಲ್ಲ, ಒಂದೇ ಭಾಷೆಯವಲ್ಲ, ಒಂದೇ ಬಗೆಯ ಅಧಿಕಾರವನ್ನು ಸೂಚಿಸುವವೂ ಅಲ್ಲ. ಶಾಸನಗಳ ಕಾಲದಲ್ಲಿ ಪಟ್ಟಣವೆಂದರೆ ವ್ಯಾಪಾರದ ನೆಲೆ, ಅಲ್ಲಿನ ವರ್ತಕರ ಮುಖ್ಯಸ್ಥನಿಗೆ ಪಟ್ಟಣಸ್ವಾಮಿ ಎಂಬ ಹೆಸರಿತ್ತು. ತಾಲ್ಲೂಕು ಎಂಬುದು ಸಂಬಂಧ ಅಥವಾ ಸೇರಿಕೆ ಎಂಬ ಅರ್ಥದ ಅರಬ್ಬಿ ಮಾತು. ಜಿಲ್ಲೆ ಎಂಬುದು ಪಕ್ಕೆಲುಬು, ಪಕ್ಕ ಎಂಬ ಅರ್ಥದ ಅರಬ್ಬಿ ಮೂಲದಿಂದ ಪಾರಸಿ, ಉರ್ದು, ಮರಾಠಿಗಳ ದಾರಿಯಾಗಿ ಬಂದದ್ದು. ಹೀಗೆ ಒಂದೂವರೆ ಸಾವಿರ ವರ್ಷಗಳಲ್ಲಿ ಈ ನೆಲವನ್ನು ಆಳಿದವರು ತಂತಮ್ಮ ಮಾತುಗಳನ್ನು ಇಲ್ಲಿ ಬಿಟ್ಟು ಹೋದರು, ಮತ್ತು ಹೊಸ ಮಾತು ಬಂದಾಗ ಹಳೆಯದು ಅಳಿಯದೆ ಒಂದು ಮೆಟ್ಟಿಲು ಕೆಳಗಿಳಿದು ಊರಿನ ಹೆಸರಿನಲ್ಲೋ ಮನೆತನದ ಹೆಸರಿನಲ್ಲೋ ಕೂಲಿಯ ಹೆಸರಿನಲ್ಲೋ ಉಳಿದುಕೊಂಡಿತು. ಆ ಮಾತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಸೀಮೆಯಲ್ಲಿ ಆಳ್ವಿಕೆಯೆಂಬುದು ಬಹುಕಾಲ ಗೆರೆ ಎಳೆದು ನೆಲವನ್ನು ಹಿಡಿಯುವ ಕೆಲಸಕ್ಕಿಂತ ಹೆಚ್ಚಾಗಿ, ಆ ನೆಲದಲ್ಲಿ ಬೆಳೆದದ್ದರಲ್ಲಿ ಯಾರು ಯಾವ ಪಾಲನ್ನು ಉಣ್ಣಬೇಕು ಎಂಬುದನ್ನು ನಿರ್ಧರಿಸುವ ಕೆಲಸವಾಗಿತ್ತು.

ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಎಂ.ಎಚ್. ಕೃಷ್ಣ ಅವರು 1936ರ ಪುರಾತತ್ವ ವರದಿಯ ಮೂಲಕ ಲೋಕಕ್ಕೆ ಪರಿಚಯಿಸಿದ ಶಾಸನವನ್ನು ಸಾಮಾನ್ಯವಾಗಿ ಸುಮಾರು ಕ್ರಿ.ಶ. 450ರದೆಂದು ಹೇಳಲಾಗುತ್ತದೆ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ಅದರ ಭಾಷೆ, ಲಿಪಿ, ಕಾಲಗಳ ಚರ್ಚೆ ನಡೆಯುತ್ತದೆಯೇ ಹೊರತು, ಹದಿನಾರು ಸಾಲುಗಳ ಆ ಬರಹ ಮೂಲತಃ ಅಧಿಕಾರದ ಹಂಚಿಕೆಯ ಕಾಗದವೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕದಂಬ ಕಾಕುಸ್ಥನು ಆಳುತ್ತಿದ್ದಾಗ, ನರಿದಾವಿಳೆ ಎಂಬ ನಾಡಿನಲ್ಲಿ, ಕೇಕಯ ಮತ್ತು ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸ ಎಂಬ ವೀರನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಚ್ಚು’ವಾಗಿ ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಯುದ್ಧದಲ್ಲಿ ನೆತ್ತರಾದ ಕತ್ತಿಯನ್ನು ತೊಳೆದು ಮಾಡುವ ಗೌರವಕ್ಕೆ, ಅದರೊಂದಿಗೆ ಕೊಡುವ ದತ್ತಿಗೆ ಆ ಹೆಸರು. ಆಳು ಎಂಬ ಕ್ರಿಯಾಪದ, ನಾಡು ಎಂಬ ಪ್ರದೇಶವಾಚಕ, ಅರಸ ಎಂಬ ಪದವಿ, ತೆರಿಗೆಯಿಲ್ಲದ್ದು ಎಂಬ ಅರ್ಥದ ಅಕರ ಎಂಬ ವಿಶೇಷಣ, ಇವೆಲ್ಲ ಆ ಒಂದೇ ಕಲ್ಲಿನಲ್ಲಿ ಇವೆ. ಗಮನಿಸಬೇಕಾದದ್ದೆಂದರೆ ಅಲ್ಲಿ ಆಳುವವನು ಒಬ್ಬ, ಕೊಡುವವರು ಬೇರೆ, ಪಡೆದು ಅರಸನೆನಿಸಿಕೊಂಡವನು ಇನ್ನೊಬ್ಬ. ಎರಡು ಸಣ್ಣ ಊರುಗಳ ಮೇಲೆ ಹೀಗೆ ಮೂರು ಪದರದ ಹಕ್ಕು ಮೊದಲ ದಿನದಿಂದಲೇ ಇತ್ತು.

ಆಳು ಎಂಬ ಮಾತಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ, ಏಕೆಂದರೆ ಕನ್ನಡದಲ್ಲಿ ಆಳುವವನೂ ಆಳೇ, ಆಳಿಸಿಕೊಳ್ಳುವವನೂ ಆಳೇ. ರಾಜ್ಯವನ್ನು ಆಳುವುದು ಒಂದು, ಗದ್ದೆಗೆ ಎರಡು ಆಳು ಕರೆಯುವುದು ಇನ್ನೊಂದು. ಎರಡೂ ಒಂದೇ ಧ್ವನಿಯ ಮಾತುಗಳು. ಆದರೆ ದ್ರಾವಿಡ ಭಾಷೆಗಳ ನಿಘಂಟುಕಾರರು ಇವೆರಡನ್ನು ಬೇರೆ ಬೇರೆ ಮೂಲದವೆಂದೇ ಇಟ್ಟಿದ್ದಾರೆ, ಅದಕ್ಕೆ ಸಾಕ್ಷಿ ತೆಲುಗಿನಲ್ಲಿದೆ: ಕನ್ನಡ ಮತ್ತು ತಮಿಳಿನಲ್ಲಿ ಆಳು ಎಂದಾಗಿರುವ ಕ್ರಿಯಾಪದ ತೆಲುಗಿನಲ್ಲಿ ‘ಏಲು’ ಎಂದಾಗಿದೆ, ಮನುಷ್ಯ, ಸೇವಕ ಎಂಬ ಅರ್ಥದ ಆಳು ಎಂಬ ನಾಮಪದದ ಗುಂಪಿಗೆ ಸೇರಿದ ಮಾತು ಅಲ್ಲಿ ‘ಆಲು’ ಎಂದು ಹೆಂಡತಿಯ ಅರ್ಥದಲ್ಲಿ ಉಳಿದಿದೆ. ಹೀಗೆ ಮೂಲದಲ್ಲಿ ಬೇರೆಯಾಗಿದ್ದ ಎರಡು ಮಾತುಗಳು ಕನ್ನಡದ ಬಾಯಲ್ಲಿ ಒಂದಾದವು. ಮೂಲ ಬೇರೆಯಾದರೂ ಕನ್ನಡ ಸಮಾಜ ಅವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡೇ ಬಾಳಿತು: ನಡುಗಾಲದ ಶಾಸನಗಳಲ್ಲಿ ಅರಸನಿಗೂ ಅವನ ಆಳಿಗೂ ಇರುವ ನಂಟನ್ನು ಹೇಳಲು ‘ಜೋಳವಾಳಿ’, ‘ವೇಳೆವಾಳಿ’ ಎಂಬ ಮಾತುಗಳು ಬಳಕೆಯಾಗಿವೆ. ಉಂಡ ಜೋಳದ ಋಣವನ್ನು ತೀರಿಸುವ ಕಟ್ಟುಪಾಡು ಜೋಳವಾಳಿ, ಆಪತ್ತಿನ ಹೊತ್ತಿನಲ್ಲಿ ಪ್ರಾಣ ಕೊಡುತ್ತೇನೆಂಬ ಮಾತು ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇರುವ ಕುವರಲಕ್ಷ್ಮನ ಕಂಬ ಆ ಕಟ್ಟುಪಾಡು ಎಲ್ಲಿಯವರೆಗೆ ಹೋಗುತ್ತಿತ್ತೆಂಬುದಕ್ಕೆ ನಿಂತಿರುವ ಸಾಕ್ಷಿ. ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ದಂಡನಾಯಕನಾಗಿದ್ದ ಲಕ್ಷ್ಮನು ‘ಗರುಡ’ನಾಗಿ, ಅಂದರೆ ಒಡೆಯನೊಂದಿಗೆ ಸಾಯುವ ಪ್ರತಿಜ್ಞೆ ಮಾಡಿದವನಾಗಿ, ಹೆಂಡತಿ ಮತ್ತು ತನ್ನವರೊಂದಿಗೆ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ.

ಅರಕಲಗೂಡಿನ ಸುತ್ತಲಿನ ನೆಲ ಇತಿಹಾಸದಲ್ಲಿ ಮೊದಲು ಎದ್ದು ಕಾಣುವುದು ಕೊಂಗಾಳ್ವರ ನಾಡಾಗಿ. ಕಾವೇರಿ ಮತ್ತು ಹೇಮಾವತಿಗಳ ನಡುವೆ, ಇಂದಿನ ಅರಕಲಗೂಡು ತಾಲ್ಲೂಕು ಮತ್ತು ಕೊಡಗಿನ ಉತ್ತರ ಭಾಗವನ್ನು ಒಳಗೊಂಡಿದ್ದ ಆ ನಾಡಿನ ಅರಸರ ಹೆಸರಿನಲ್ಲೇ ‘ಆಳ್ವ’, ಅಂದರೆ ಆಳುವವನು ಎಂಬ ಮಾತಿದೆ; ಅವರ ನೆರೆಯ ಚಂಗಾಳ್ವರ ಹೆಸರಿನಲ್ಲಿಯೂ ಅದೇ ಇದೆ, ಇಂದು ಕರಾವಳಿಯಲ್ಲಿ ಆಳ್ವ ಎಂಬುದು ಮನೆತನದ ಹೆಸರಾಗಿ ಉಳಿದಿದೆ. ಆದರೆ ಈ ಆಳುವವರ ಪದವಿ ಹುಟ್ಟಿದ್ದು ಇನ್ನೊಬ್ಬರ ಕೃಪೆಯಿಂದ. ಹನ್ನೊಂದನೆಯ ಶತಮಾನದ ಆರಂಭದಲ್ಲಿ, ಚೋಳ ರಾಜರಾಜನ ಕಾಲದಲ್ಲಿ, ಪನಸೋಗೆಯ ಕಾಳಗದಲ್ಲಿ ಚಂಗಾಳ್ವರ ವಿರುದ್ಧ ಹೋರಾಡಿದ ಮನಿಜ ಎಂಬಾತನಿಗೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಬಿರುದೂ ಮಾಲವ್ವಿ ಎಂಬ ಊರೂ ದೊರೆತವು. ಆ ಬಳಿಕದ ಕೊಂಗಾಳ್ವರು ರಾಜೇಂದ್ರಚೋಳ ಕೊಂಗಾಳ್ವ, ರಾಜಾಧಿರಾಜ ಕೊಂಗಾಳ್ವ ಎಂದು ಚೋಳ ಚಕ್ರವರ್ತಿಗಳ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡರು. ಅಧೀನರಾಗಿದ್ದುದನ್ನು ಅವರು ಮುಚ್ಚಿಡಲಿಲ್ಲ, ಹೆಸರಿನ ಮೊದಲಿಗೇ ಇಟ್ಟುಕೊಂಡರು. ಯಾರಿಗೆ ಅಧೀನನೆಂಬುದೇ ಸ್ಥಳೀಯ ಅರಸನಿಗೆ ಬಲ ತರುತ್ತಿದ್ದ ಕಾಲ ಅದು.

ಆ ಕಾಲದ ಪ್ರದೇಶಗಳ ಹೆಸರುಗಳಿಗೆ ಅಂಟಿಕೊಂಡಿರುವ ಸಂಖ್ಯೆಗಳು ಇಂದಿನ ಓದುಗರಿಗೆ ವಿಚಿತ್ರವಾಗಿ ಕಾಣುತ್ತವೆ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಬೆಳ್ವೊಲ 300 ಎಂದು ಶಾಸನಗಳು ಬರೆಯುತ್ತವೆ. ಕೊಂಗಾಳ್ವರ ನಾಡು 8000ದ ನಾಡು, ಕೊಡಗಿನ ಉತ್ತರದಲ್ಲಿ ಏಳುಸಾವಿರ ಸೀಮೆ ಎಂಬ ಹೆಸರು ಬಹುಕಾಲ ಉಳಿದಿತ್ತು. ಈ ಸಂಖ್ಯೆಗಳು ಊರುಗಳ ಲೆಕ್ಕವೇ, ಉತ್ಪತ್ತಿಯ ಲೆಕ್ಕವೇ, ಯುದ್ಧಕ್ಕೆ ಒದಗಿಸಬೇಕಾದ ಆಳುಗಳ ಲೆಕ್ಕವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಊರುಗಳ ಲೆಕ್ಕವೆನ್ನಲು ದೊಡ್ಡ ಸಂಖ್ಯೆಗಳು ಒಗ್ಗುವುದಿಲ್ಲ. ಏನೇ ಇರಲಿ, ಒಂದು ನಾಡಿನ ಗಾತ್ರವನ್ನು ಹೇಳಬೇಕಾದಾಗ ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳದೆ ಅದರಿಂದ ಎಣಿಸಿ ಪಡೆಯಬಹುದಾದದ್ದು ಎಷ್ಟು ಎಂದು ಹೇಳುವ ರೂಢಿ ಇದು ಎಂಬುದರಲ್ಲಿ ಸಂದೇಹವಿಲ್ಲ. ಗದ್ದೆಯ ಅಳತೆಯಲ್ಲೂ ಇದೇ ಕ್ರಮವಿತ್ತು: ಹೊಯ್ಸಳ ಶಾಸನಗಳಲ್ಲಿ ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಖಂಡುಗ, ಇಷ್ಟು ಕೊಳಗ ಎಂದು ಬರುತ್ತದೆ, ಇವೆಲ್ಲ ಧಾನ್ಯದ ಅಳತೆಗಳು, ಅಷ್ಟು ಬೀಜ ಹಿಡಿಯುವ ನೆಲವೆಂದು ಅವುಗಳ ಅರ್ಥ. ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಎಕರೆ ಬಂದ ಮೇಲೆಯೂ ಖಂಡುಗದ ಲೆಕ್ಕದ ಮಾತು ಪೂರ್ತಿ ಮರೆಯಾಗಲಿಲ್ಲ.

ನಾಡು ಎಂಬ ಮಾತಿಗೂ ಎರಡು ಮುಖಗಳಿದ್ದವು. ಅದು ಪ್ರದೇಶದ ಹೆಸರು, ಜೊತೆಗೆ ಆ ಪ್ರದೇಶದ ಮುಖ್ಯರು ಸೇರಿದ ಕೂಟದ ಹೆಸರು ಕೂಡ. ನಾಡು ಸೇರಿತು, ನಾಡು ಒಪ್ಪಿತು, ನಾಡು ದತ್ತಿ ಬಿಟ್ಟಿತು ಎಂಬ ಅರ್ಥದ ಮಾತುಗಳು ಶಾಸನಗಳಲ್ಲಿ ಸಾಮಾನ್ಯ. ಆ ಕೂಟದಲ್ಲಿ ಕೂರುತ್ತಿದ್ದವರು ಗಾವುಂಡರು. ಊರನ್ನು ಪ್ರತಿನಿಧಿಸುವ ಪ್ರಜೆಗಾವುಂಡ, ಹೆಚ್ಚಿನ ಅಧಿಕಾರವಿದ್ದ ಪ್ರಭುಗಾವುಂಡ, ನಾಡಿನ ಮಟ್ಟದ ನಾಡಗಾವುಂಡ ಎಂಬ ಭೇದಗಳಿದ್ದವು. ಗಾಮುಂಡ, ಗಾವುಂಡ, ಗೌಂಡ, ಗೌಡ ಎಂದು ಸವೆಯುತ್ತಾ ಬಂದ ಈ ಮಾತು ಅರಸೊತ್ತಿಗೆಗಳೆಲ್ಲ ಹೋದ ಮೇಲೂ ಈ ಸೀಮೆಯಲ್ಲಿ ಉಳಿದಿರುವುದಕ್ಕೆ, ಅದು ಮೇಲಿನಿಂದ ಬಂದ ಬಿರುದಾಗದೆ ಉಳುವವರ ನಡುವೆ ಬೇರು ಬಿಟ್ಟದ್ದೇ ಕಾರಣವೆನ್ನಬೇಕು; 1996ರಲ್ಲಿ ದೇಶದ ಪ್ರಧಾನಿಯಾದ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ಅದು ದೆಹಲಿಯ ಗದ್ದುಗೆಯವರೆಗೂ ಹೋಯಿತು. ಪೆರ್ಗಡೆ ಎಂಬ ಅಧಿಕಾರಿ ಹೆಗ್ಗಡೆಯಾಗಿ, ಲೆಕ್ಕ ಬರೆಯುವ ಸೇನಬೋವ ಶಾನುಭೋಗನಾಗಿ ಇದೇ ರೀತಿ ಹಳ್ಳಿಗಿಳಿದರು. ಮೇಲೆ ಮಹಾಮಂಡಲೇಶ್ವರರಿದ್ದರು. ಬೇಲೂರಿನ ಚೆನ್ನಕೇಶವ ಗುಡಿಯನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನನಂತಹ ಪ್ರಬಲ ಅರಸನೂ ಕಲ್ಯಾಣದ ಚಾಳುಕ್ಯರ ಅಧೀನನೆಂಬ ನೆಲೆಯಲ್ಲಿ ಆ ಪದವಿಯನ್ನೇ ಹೊತ್ತಿದ್ದನು. ಹೊಯ್ಸಳರು ಚಕ್ರವರ್ತಿಯ ಬಿರುದುಗಳನ್ನು ಪೂರ್ಣವಾಗಿ ಧರಿಸಿದ್ದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಕೈಕೆಳಗಿನವನು ಮೇಲಿನವನ ಪಾದಪದ್ಮೋಪಜೀವಿ, ಅಂದರೆ ಒಡೆಯನ ಪಾದವೆಂಬ ತಾವರೆಯನ್ನು ಆಶ್ರಯಿಸಿ ಬದುಕುವ ದುಂಬಿ. ವಿಷ್ಣುವರ್ಧನನ ನಾಣ್ಯಗಳ ಮೇಲಿನ ತಳಕಾಡುಗೊಂಡ, ನೊಣಂಬವಾಡಿಗೊಂಡ ಎಂಬ ಬಿರುದುಗಳು ಮಾತ್ರ ಈ ವಿನಯದ ಭಾಷೆಗೆ ಹೊರತಾದವು. ಕೊಂಡವನು, ಅಂದರೆ ವಶಪಡಿಸಿಕೊಂಡವನು ಎಂಬ ನೇರ ಮಾತನ್ನು ಅವು ಕೈಯಿಂದ ಕೈಗೆ ಸಾಗಿಸಿದವು. ಮಲೆಪರೊಳ್ಗಂಡ ಎಂಬ ಬಿರುದು, ಅಂದರೆ ಬೆಟ್ಟದ ಸೀಮೆಯ ಒಡೆಯರಲ್ಲಿ ಗಂಡು ಎಂಬುದು, ಮಲೆನಾಡಿಗೂ ಬಯಲಿಗೂ ನಡುವೆ ಬಿದ್ದಿರುವ ಅರಕಲಗೂಡಿನಂತಹ ಅರೆಮಲೆನಾಡಿನ ಜನರಿಗೆ ಯಾರನ್ನು ಕುರಿತದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಧಿಕಾರವೆಂದರೆ ಆಗ ಕೇಳಿಸುವಂಥದ್ದೂ ಆಗಿತ್ತು. ಸಾಮಂತ ಅರಸರ ಬಿರುದುಗಳಲ್ಲಿ ಮೊದಲು ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬುದಕ್ಕೆ ಐದು ಬಗೆಯ ವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕನ್ನು ಪಡೆದವನು ಎಂದು ಅರ್ಥ. ಆ ಸದ್ದು ಎಲ್ಲಿಯವರೆಗೆ ಕೇಳುತ್ತದೆಯೋ ಅಲ್ಲಿಯವರೆಗೆ ಅವನ ಮಾನ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ ವಿಜಯನಗರದ ಬುಕ್ಕರಾಯನ 1368ರ ಶಾಸನವನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ತೂಕ ತಿಳಿಯುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವಿವಾದದಲ್ಲಿ ಅರಸನು ಎರಡೂ ಕಡೆಯ ಮುಖ್ಯರನ್ನು ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನ ದರ್ಶನಕ್ಕೆ ಹಿಂದಿನಂತೆಯೇ ಸಲ್ಲಬೇಕೆಂದು ತೀರ್ಮಾನಿಸಿದನು. ಬೆಳಗೊಳದ ದೇವರ ಕಾವಲಿಗೆ ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕೆಂದೂ ಗೊತ್ತಾಯಿತು. ಒಂದು ಸಾಮ್ರಾಜ್ಯದ ಒಡೆಯನು ನೆಲವನ್ನು ಗೆಲ್ಲದೆ, ಯಾರನ್ನೂ ದಂಡಿಸದೆ, ಸದ್ದಿನ ಹಕ್ಕನ್ನು ಕಾಯ್ದುಕೊಟ್ಟು ಆಳಿದ ಈ ಪ್ರಸಂಗ ಆಳ್ವಿಕೆಯ ಇತಿಹಾಸದಲ್ಲಿ ಕೋಟೆಗಳ ಮುತ್ತಿಗೆಗಿಂತ ಹೆಚ್ಚಿನ ಜಾಗಕ್ಕೆ ಅರ್ಹವಾಗಿದೆ.

ಇನ್ನು ನೆಲದ ಪಾಲಿನ ಮಾತುಗಳು. ಇವುಗಳ ಸಮೃದ್ಧಿಯೇ ಬೇರೆ. ಸೇವೆಗಾಗಿ ಕೊಟ್ಟ ಭೂಮಿ ಉಂಬಳಿ, ಉಣ್ಣುವುದರಿಂದ ಬಂದ ಮಾತು. ಕೊಡುವುದರಿಂದ ಬಂದದ್ದು ಕೊಡಗಿ. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಕೊಡುತ್ತಿದ್ದ ಪಾಲು ಕಟ್ಟುಕೊಡಗಿ. ಹೋರಾಡಿ ಸತ್ತವನ ಮಕ್ಕಳಿಗೆ ಬಿಟ್ಟದ್ದು ನೆತ್ತರುಗೊಡಗೆ. ಬ್ರಾಹ್ಮಣರ ಅಗ್ರಹಾರವನ್ನು ವೃತ್ತಿಗಳಾಗಿ ಹಂಚಲಾಗುತ್ತಿತ್ತು, ಒಂದು ವೃತ್ತಿಯೆಂದರೆ ಉತ್ಪತ್ತಿಯಲ್ಲಿ ಒಂದು ಪಾಲು. ದಾನದ ಭೂಮಿಯ ಎಲ್ಲೆಗೆ ಕಲ್ಲು ನೆಡುವಾಗ ಅದರ ಮೇಲೆ ವಾಮನನನ್ನೋ ಲಿಂಗವನ್ನೋ ಜೈನರ ಮುಕ್ಕೊಡೆಯನ್ನೋ ಕೊರೆಯುತ್ತಿದ್ದರು, ಓದಲು ಬಾರದವನಿಗೂ ಆ ಬೆಳೆಯ ಪಾಲು ಯಾರಿಗೆ ಸೇರತಕ್ಕದ್ದೆಂದು ಅದರಿಂದ ತಿಳಿಯುತ್ತಿತ್ತು. ವಿಜಯನಗರ ಕಾಲದ ದಾನಪತ್ರಗಳಲ್ಲಿ ಬರುವ ಅಷ್ಟಭೋಗ ತೇಜಸ್ಸ್ವಾಮ್ಯ ಎಂಬ ಮಾತು ಈ ವಿಚಾರವನ್ನು ಪೂರ್ತಿಯಾಗಿ ಬಿಡಿಸಿ ಹೇಳುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳು ಅವು: ಹೂತಿಟ್ಟ ಧನ, ಇರಿಸಿದ ಧನ, ನೀರು, ಕಲ್ಲು, ಕುಂದದ ಆದಾಯ, ಮುಂದೆ ಬರುವ ಆದಾಯ, ಈಗಾಗಲೇ ಕೃಷಿಯಾದದ್ದು, ಕೃಷಿ ಮಾಡಬಹುದಾದದ್ದು. ಭೂಮಿಯನ್ನು ಕೊಡುವುದೆಂದರೆ ಈ ಎಂಟು ಉಣಿಸುಗಳನ್ನು ಎಣಿಸಿ ಕೊಡುವುದು. ಪಡೆದವನು ಮಕ್ಕಳು ಮೊಮ್ಮಕ್ಕಳ ತನಕ ‘ಅನುಭವಿಸಿಕೊಂಡು’ ಬರಬೇಕೆಂಬ ಮಾತಿನಿಂದ ಪತ್ರ ಮುಗಿಯುತ್ತಿತ್ತು.

ಈ ಪಾಲಿನ ಲೋಕದಲ್ಲಿ ಬೆವರು ಸುರಿಸಿದವನ ಪಾಲು ಏನಾಯಿತೆಂಬುದನ್ನು ಒಂದೇ ಮಾತು ಹೇಳುತ್ತದೆ. ಅಧಿಕಾರಿಗೆ ಅಥವಾ ಯೋಧನಿಗೆ ಬದುಕಿಗಾಗಿ ಅರಸನು ಬಿಟ್ಟುಕೊಟ್ಟ ಊರಿನ ಆದಾಯಕ್ಕೆ ಶಾಸನಗಳಲ್ಲಿ ‘ಜೀವಿತ’ ಎಂದು ಹೆಸರು. ಅದೇ ಮಾತು ಸವೆದು ಜೀತವಾಯಿತು. ಮೊದಲು ಸಂಬಳವೆಂಬ ಅರ್ಥದಲ್ಲಿದ್ದದ್ದು ಕೊನೆಗೆ ತಂದೆಯ ಸಾಲಕ್ಕೆ ಮಗ ದುಡಿಯುವ, ದುಡಿದರೂ ತೀರದ ದಾಸ್ಯದ ಹೆಸರಾಯಿತು. ಊರನ್ನೇ ಉಣ್ಣುವವನ ಗೌರವದ ಹೆಸರು ಊರಿನ ಕೊನೆಯ ಮನೆಯವನ ಸಂಕೋಲೆಯ ಹೆಸರಾಗಿ ಇಳಿದು ಬಂದ ಈ ದಾರಿ ಕನ್ನಡದ ಸಾಮಾಜಿಕ ಚರಿತ್ರೆಯ ಅತ್ಯಂತ ನೋವಿನ ಪುಟಗಳಲ್ಲಿ ಒಂದು. ಕಾನೂನು ಜೀತವನ್ನು ರದ್ದುಗೊಳಿಸಿದ್ದು 1976ರ ಅಧಿನಿಯಮದಿಂದ, ಅಂದರೆ ಹಲ್ಮಿಡಿಯ ಕಲ್ಲು ನೆಟ್ಟ ಸುಮಾರು ಹದಿನೈದು ಶತಮಾನಗಳ ಮೇಲೆ.

ವಿಜಯನಗರದ ಆಳ್ವಿಕೆಯಲ್ಲಿ ನಾಯಕತನವೆಂಬ ಪದ್ಧತಿ ಬಲವಾಯಿತು. ಇಷ್ಟು ಸೈನ್ಯವನ್ನು ಸಾಕಿ, ಇಷ್ಟು ಕಾಣಿಕೆ ಕೊಡುವ ಷರತ್ತಿನ ಮೇಲೆ ಒಂದು ಸೀಮೆಯ ಆದಾಯವನ್ನು ನಾಯಕನಿಗೆ ಬಿಟ್ಟರೆ ಅದು ಅಮರಮಾಗಣಿ. ಬೇಲೂರಿನ ನಾಯಕ ಮನೆತನ ಅರಸರಿಗೆ ಎಲೆಯಡಕೆಯ ಚೀಲ ಹಿಡಿಯುವ ಹಡಪದ ಊಳಿಗದಿಂದ ಮೇಲೇರಿದ್ದು. ಅರಸನ ಕೈಗೆ ನಿತ್ಯ ಎಟುಕುವಷ್ಟು ಹತ್ತಿರ ನಿಲ್ಲುವವನು ನಂಬಿಕೆಯವನೇ ಆಗಿರಬೇಕಾದ್ದರಿಂದ ಆ ಊಳಿಗಕ್ಕೆ ಅಂಥ ಬೆಲೆ. ಈಗಿನ ಅರಕಲಗೂಡು ಪಟ್ಟಣವನ್ನು 1568ರ ಸುಮಾರಿಗೆ ಐಗೂರಿನ ನಾಯಕರಲ್ಲೊಬ್ಬನಾದ ಕೃಷ್ಣಪ್ಪ ನಾಯಕನು ಕಟ್ಟಿಸಿದನೆಂದು ಗೆಜೆಟಿಯರುಗಳು ಹೇಳುತ್ತವೆ. ಕೊಳತೂರು ಎಂಬ ಹೆಸರಿದ್ದ ಊರನ್ನು 1600ರ ಸುಮಾರಿನಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು ಗೆದ್ದು ಮಗ ಚೆನ್ನರಾಯನಿಗೆ ಕೊಟ್ಟದ್ದರಿಂದ ಅದು ಚನ್ನರಾಯಪಟ್ಟಣವಾಯಿತು. ದೊಡ್ಡ ಸಾಮ್ರಾಜ್ಯ ಒಡೆದ ಮೇಲೆ ಇಂಥ ನಾಯಕರು ಪಾಳೆಯಗಾರರೆನಿಸಿಕೊಂಡರು. ಪಾಳೆಯವೆಂದರೆ ದಂಡು ಬೀಡುಬಿಟ್ಟ ಜಾಗ, ಪಾಳೆಯಪಟ್ಟು ಅವರ ಸೀಮೆ. ಮೈಸೂರಿನ ಕಂಠೀರವ ನರಸರಾಜರು 1647ರಲ್ಲಿ ಅರಕಲಗೂಡನ್ನು ಹಿಡಿದರೂ, ಅದು ಕೊನೆಯದಾಗಿ ಮೈಸೂರಿಗೆ ಸೇರಿದ್ದು ಚಿಕ್ಕದೇವರಾಜರ ಕಾಲದಲ್ಲಿ, 1694ರಲ್ಲಿ. ಐಗೂರಿನ ಸುತ್ತಲಿನ ಬಲಂ ಸೀಮೆಯ ನಾಯಕ ಮಾತ್ರ ಟಿಪ್ಪುವಿನ ಪತನದ ನಂತರವೂ ಬಗ್ಗಲಿಲ್ಲ, 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಅವನ ನೆಲೆಯನ್ನು ಮುರಿದು ಅವನನ್ನು ಗಲ್ಲಿಗೇರಿಸಿತು. ಈ ಮನೆತನಗಳು ಕಟ್ಟಿಸಿದ ಕೆರೆಗಳನ್ನೂ ಪೇಟೆಗಳನ್ನೂ ಮರೆತು ಪಾಳೆಯಗಾರಿಕೆ ಎಂಬ ಮಾತನ್ನು ಇಂದು ದರ್ಪದ ಪರ್ಯಾಯವಾಗಿ ಮಾತ್ರ ಬಳಸುವುದು ಸರಿಯಲ್ಲ, ಆದರೂ ಜನರ ಬಾಯಲ್ಲಿ ಹಾಗೆ ನಿಂತಿರುವುದಕ್ಕೂ ಕಾರಣಗಳಿದ್ದೇ ಇರಬೇಕು.

ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ, ಅದಕ್ಕೂ ಮೊದಲು ಚಿಕ್ಕದೇವರಾಜರ ಹದಿನೆಂಟು ಇಲಾಖೆಗಳ ಅಠಾರ ಕಚೇರಿಯಲ್ಲಿ, ಪಾರಸಿಯ ದಾರಿಯಾಗಿ ಆಡಳಿತದ ಮಾತುಗಳು ಬಂದು ಸೇರಿದವು. ಸರ್ಕಾರ, ಕಚೇರಿ, ಇಲಾಖೆ, ಹುಕುಂ, ಜಮಾಬಂದಿ, ಅಮಲ್ದಾರ, ಶೇಕದಾರ ಇವೆಲ್ಲ ಕನ್ನಡದ ಮಾತುಗಳೇ ಆಗಿಹೋದವು. ದಿವಾನ ಪೂರ್ಣಯ್ಯನವರ ಆಡಳಿತದಲ್ಲಿ ಮಲೆನಾಡಿನ ಈ ಭಾಗಕ್ಕೆ ಮಂಜರಾಬಾದ್ ಫೌಜುದಾರಿ ಎಂಬ ಹೆಸರಿತ್ತು. ಅಮಲ್ದಾರನೆಂಬ ಹಳೆಯ ಮೈಸೂರಿನ ಹೆಸರು ಹೋಗಿ ತಹಶೀಲ್ದಾರನೆಂಬುದು ನೆಲೆಗೊಂಡದ್ದು ರಾಜ್ಯ ಏಕೀಕರಣದ ನಂತರ.

ಆದರೆ ಹೆಸರುಗಳ ಬದಲಾವಣೆಗಿಂತ ಆಳವಾದ ಬದಲಾವಣೆ ತಂದದ್ದು ಸರಪಳಿ ಹಿಡಿದು ಬಂದ ಸರ್ವೆ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, ಬೆಳೆಯನ್ನೇ ಪಾಲು ಮಾಡಿಕೊಳ್ಳುವ ಬಟಾಯಿ ಕ್ರಮ ಹಿಂದೆ ಸರಿದು ನಗದು ಕಂದಾಯ ಬಂದಿತು. 1863ರಿಂದ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾಗಿ ಪ್ರತಿ ಹೊಲಕ್ಕೂ ಒಂದು ನಂಬರು, ಒಂದು ನಕ್ಷೆ, ಎಕರೆ ಗುಂಟೆಗಳ ಲೆಕ್ಕ ದೊರೆಯಿತು. ಇದುವರೆಗೆ ಎಷ್ಟು ಬೀಜ ಹಿಡಿಯುತ್ತದೆಂಬುದರಿಂದ ಗುರುತಾಗುತ್ತಿದ್ದ ಗದ್ದೆ ಈಗ ಸರ್ವೆ ನಂಬರಾಯಿತು. ಉಳದೆ ಬಿಟ್ಟ ನೆಲ ಖರಾಬಾಯಿತು. ದನ ಮೇಯುವ ಜಾಗ ಗೋಮಾಳವೆಂಬ ತಲೆಬರಹದಡಿ ಸರ್ಕಾರದ್ದಾಯಿತು. ಒಂದೇ ನೆಲದಲ್ಲಿ ಅರಸನಿಗೆ, ಗುಡಿಗೆ, ಗೌಡನಿಗೆ, ಉಳುವವನಿಗೆ, ತೋಟಿ ತಳವಾರ ನೀರುಗಂಟಿಗಳಿಗೆ ಇದ್ದ ಬೇರೆ ಬೇರೆ ಪಾಲುಗಳನ್ನು ಒಂದು ಕಾಗದದ ಮೇಲೆ ಒಬ್ಬ ಖಾತೆದಾರನ ಹೆಸರಿಗೆ ಕುಗ್ಗಿಸಿದ ಕ್ರಮವಿದು. ಲೆಕ್ಕ ಸ್ಪಷ್ಟವಾಯಿತು, ಅಧಿಕಾರಿಗಳ ಮನಸೋ ಇಚ್ಛೆಯ ವಸೂಲಿಗೆ ಕಡಿವಾಣ ಬಿತ್ತು. ಆದರೆ ಕೆರೆಯ ಹೂಳೆತ್ತುವ ಹೊಣೆಯೂ ಕಟ್ಟುಕೊಡಗಿಯಂತಹ ಪಾಲೂ ಜೊತೆಜೊತೆಗೆ ಹೋಗಿದ್ದರಿಂದ ಎಷ್ಟೋ ಕೆರೆಗಳು ಅನಾಥವಾದುದೂ ನಿಜ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ, 1979ರಲ್ಲಿ ಪೂರ್ಣಗೊಂಡ ಅಣೆಕಟ್ಟೆಗಾಗಿ ಹಳ್ಳಿಗಳು ಮುಳುಗಿದಾಗ ಜನ ಕಲಿತ ಹೊಸ ಮಾತು ಭೂಸ್ವಾಧೀನ. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ಬರುವವರಿಗೆ ಅಲ್ಲಿ ಮುಳುಗಿದ ಗದ್ದೆಗಳ ನೆನಪಿರುವುದಿಲ್ಲ.

ಸ್ವಾತಂತ್ರ್ಯದ ನಂತರ ಹಳೆಯ ಮಾತುಗಳು ಬಿಟ್ಟುಹೋದ ವೇಗವೂ ಮತ್ತೆ ಬಂದ ರೀತಿಯೂ ಕುತೂಹಲಕರ. ವಂಶಪಾರಂಪರ್ಯವಾಗಿ ನಡೆದು ಬಂದ ಪಟೇಲ, ಶಾನುಭೋಗ ಹುದ್ದೆಗಳನ್ನು 1961ರ ಅಧಿನಿಯಮ ರದ್ದು ಮಾಡಿತು, 1963ರಲ್ಲಿ ಅದು ಜಾರಿಗೆ ಬಂದು ಗ್ರಾಮ ಲೆಕ್ಕಿಗರು ಬಂದರು. ಅವರೇ ಇತ್ತೀಚೆಗೆ ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದಾರೆ. ಹೋಬಳಿಯ ಮಟ್ಟದ ಕಚೇರಿಗೆ ನಾಡಕಚೇರಿಯೆಂಬ ಹೆಸರು ಬಂದು ಕದಂಬರ ಕಾಲದ ನಾಡು ಮತ್ತು ಪಾರಸಿಯ ದಾರಿಯಾಗಿ ಬಂದ ಕಚೇರಿ ಒಂದೇ ಫಲಕದಲ್ಲಿ ಸೇರಿದವು. 1983ರ ಕಾಯ್ದೆಯ ಮೇಲೆ ರಚನೆಯಾದ ಪಂಚಾಯತಿಗಳು ಮಂಡಲಗಳಾದವು, ಅವುಗಳ ಮುಖ್ಯಸ್ಥನು ಪ್ರಧಾನನಾದನು. ಹೊಯ್ಸಳರ ಮಂಡಲಿಕರೂ ಮಹಾಪ್ರಧಾನರೂ ಹೊತ್ತಿದ್ದ ಪದವಿಗಳನ್ನು ಚುನಾವಣೆಯಲ್ಲಿ ಗೆದ್ದ ರೈತರು ಹೊತ್ತರು. ಎಲ್ಲಕ್ಕಿಂತ ದೊಡ್ಡ ಪಲ್ಲಟ ನಡೆದದ್ದು ‘ಒಡೆಯ’ ಎಂಬ ಮಾತಿಗೆ. ಉಳ್ಳವನು ಎಂಬ ಅರ್ಥದ ಅದು ಮೈಸೂರಿನ ರಾಜವಂಶದ ಹೆಸರಾಗಿ, ಜಂಗಮರ ಗೌರವವಾಚಕವಾಗಿ ಬಾಳಿದ ಮಾತು. 1974ರಲ್ಲಿ ತಿದ್ದುಪಡಿಯಾದ ಭೂ ಸುಧಾರಣೆ ಕಾಯ್ದೆ ಗೇಣಿದಾರನಿಗೆ ಭೂಮಿಯ ಹಕ್ಕು ಕೊಟ್ಟಾಗ ಉಳುವವನೇ ನೆಲದ ಒಡೆಯ ಎಂಬ ಘೋಷಣೆ ಹಳ್ಳಿ ಹಳ್ಳಿಗೆ ಮುಟ್ಟಿತು. ಆ ಕಾಯ್ದೆಯನ್ನು ತಂದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರ ಹೆಸರಿನಲ್ಲಿ ಅರಸನೆಂಬ ಪದವಿಯೇ ಇತ್ತು. ಗೇಣಿದಾರರು ನಮೂನೆ 7ರ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಲಕ್ಷಗಟ್ಟಲೆ ಕುಟುಂಬಗಳು ಆ ಕಾಯ್ದೆಯಿಂದ ಭೂಮಿಯನ್ನು ಪಡೆದವು. ಗೇಣಿಯ ಕರಾರೂ ಇಲ್ಲದೆ ಕೂಲಿ ಮಾಡುತ್ತಿದ್ದ ಆಳುಗಳಿಗೆ ಮಾತ್ರ ಆ ಘೋಷಣೆ ಅಷ್ಟು ಸುಲಭವಾಗಿ ಮುಟ್ಟಲಿಲ್ಲ, ಉಳುಮೆ ಮಾಡಿದ್ದು ಅವರೇ ಆದರೂ.

ಆ ಕೂಲಿ ಆಳುಗಳಲ್ಲಿ ಮತ್ತು ಸಣ್ಣ ಹಿಡುವಳಿಗಾರರಲ್ಲಿ ಹಲವರು ಗೋಮಾಳದ ಅಂಚನ್ನೋ ಖರಾಬನ್ನೋ ಕಡಿದು ಹಸನು ಮಾಡಿ ರಾಗಿ, ಶುಂಠಿ, ಆಲೂಗಡ್ಡೆ ಬೆಳೆದರು. ಹಾಗೆ ಮಾಡಿದ ಸಾಗುವಳಿಗೆ ಕಂದಾಯ ಇಲಾಖೆಯಲ್ಲಿ ‘ಬಗರ್ ಹುಕುಂ’ ಎಂದು ಹೆಸರು, ಹುಕುಂ ಇಲ್ಲದೆ ಮಾಡಿದ್ದು ಎಂದು ಅದರ ಅರ್ಥ. ನಮೂನೆ 50, ನಮೂನೆ 53, ನಮೂನೆ 57 ಎಂದು ಬೇರೆ ಬೇರೆ ವರ್ಷಗಳಲ್ಲಿ ಅರ್ಜಿ ಕರೆಯಲಾಯಿತು. ಶಾಸಕರು ಅಧ್ಯಕ್ಷರಾಗಿ ತಹಶೀಲ್ದಾರರು ಕಾರ್ಯದರ್ಶಿಯಾಗಿರುವ ಸಮಿತಿ ತಾಲ್ಲೂಕಿಗೊಂದರಂತೆ ಕೂತು ಅವನ್ನು ತೀರ್ಮಾನಿಸಬೇಕು. ಅರಣ್ಯದ ಗಡಿ, ಗೋಮಾಳದ ಉಳಿಕೆ, ಪಟ್ಟಣದ ಸುತ್ತಳತೆ ಇವುಗಳ ನೆಪದಲ್ಲಿ ತಿರಸ್ಕೃತವಾದ ಅರ್ಜಿಗಳ ಕಟ್ಟು ಸಣ್ಣದಲ್ಲ. ಅವುಗಳಲ್ಲಿ ಅರಣ್ಯವನ್ನು ಕಾಯಬೇಕೆಂಬ ಕಾರಣ ನ್ಯಾಯವಾದದ್ದೇ, ಆದರೆ ಮೂವತ್ತು ವರ್ಷ ಉತ್ತ ಎರಡೆಕರೆಯ ಬಡವನನ್ನೂ ನೂರು ಎಕರೆ ಒತ್ತುವರಿ ಮಾಡಿದ ಬಲಿಷ್ಠನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸಮಿತಿಯ ಮುಂದೆ ಬಂದವನು ಸಾಬೀತು ಮಾಡಬೇಕಾದದ್ದು, ತನ್ನ ಅರ್ಜಿಯಲ್ಲಿ ಬರೆದಂತೆ, ಆ ಜಮೀನು ಇಂಥ ವರ್ಷದಿಂದ ತನ್ನ ‘ಸ್ವಾಧೀನಾನುಭವ’ದಲ್ಲಿದೆ ಎಂಬುದನ್ನು. ಅಷ್ಟಭೋಗದ ದಾನಪತ್ರಗಳು ಅಗ್ರಹಾರದವರಿಗೂ ನಾಯಕರಿಗೂ ಬರೆದುಕೊಟ್ಟ ಅದೇ ಅನುಭವವನ್ನು ಅವನು ಪಂಚನಾಮೆಯಲ್ಲಿ ನೆರೆಹೊರೆಯವರ ಹೆಬ್ಬೆಟ್ಟಿನ ಮೂಲಕ ತೋರಿಸಬೇಕು, ತೋರಿಸಿದ ಮೇಲೆ ಸಾಗುವಳಿ ಚೀಟಿಗಾಗಿ ಕಾಯಬೇಕು.